ನಾನು ತೆಗೆದಿಟ್ಟ ಹನ್ನೊಂದನೇ ರೀಲು

1999ರಲ್ಲಿ ನಾನು ನಂಜನಗೂಡಿನ ಒಂದು ಚಿತ್ರಮಂದಿರದ ಮ್ಯಾನೇಜರ್ ಆಗಿದ್ದೆ. ಅದಕ್ಕೂ ಮೊದಲು ಹದಿನೇಳು ವರ್ಷ ಸೈನ್ಯದಲ್ಲಿದ್ದು, ಹವಾಲ್ದಾರನಾಗಿ ನಿವೃತ್ತಿ ಪಡೆದು ಊರಿಗೆ ಬಂದವನು. ಸಿನಿಮಾದ ಬಗ್ಗೆ ನನಗೆ ವಿಶೇಷ ಒಲವೇನೂ ಇರಲಿಲ್ಲ. ಮಾಲೀಕರಿಗೆ ಬೇಕಾಗಿದ್ದದ್ದು ಹೇಳಿದ ಹೊತ್ತಿಗೆ ಗೇಟು ತೆಗೆಸಿ, ಹೇಳಿದ ಹೊತ್ತಿಗೆ ಆಟ ಶುರು ಮಾಡಿಸುವ ಒಬ್ಬ ಮನುಷ್ಯ. ಅಷ್ಟು ನನಗೆ ಬರುತ್ತಿತ್ತು. ಒಂದೂವರೆಯ ಆಟ ಎಂದರೆ ಒಂದೂವರೆಗೆ ಪರದೆಯ ಮೇಲೆ ಬೆಳಕು ಬೀಳಬೇಕು. ಒಂದು ಮೂವತ್ತೆರಡಕ್ಕೆ ಬಿದ್ದರೆ ಏಕೆ ಎಂದು ನಾನು ಕೇಳುತ್ತಿದ್ದೆ, ಉತ್ತರವನ್ನು ಪುಸ್ತಕದಲ್ಲಿ ಬರೆಸುತ್ತಿದ್ದೆ. ಸಿಬ್ಬಂದಿ ನನ್ನನ್ನು ಬೆನ್ನ ಹಿಂದೆ ‘ಗಡಿಯಾರ’ ಎಂದು ಕರೆಯುತ್ತಿದ್ದರು. ಅದು ನನಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ.

ನಮ್ಮ ಮಾಲೀಕರಿಗೆ ತಿ. ನರಸೀಪುರದಲ್ಲಿಯೂ ಒಂದು ಟಾಕೀಸು ಇತ್ತು. ಅದರ ಉಸ್ತುವಾರಿಯೂ ನನ್ನದೇ. ಎರಡಕ್ಕೂ ಸೇರಿ ಒಂದೇ ಪ್ರಿಂಟು ತರಿಸುತ್ತಿದ್ದೆವು. ಓದುಗರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಆಗಿನ ಚಿತ್ರಗಳು ಡಬ್ಬಗಳಲ್ಲಿ ಸುತ್ತಿಟ್ಟ ಫಿಲ್ಮಿನ ರೂಪದಲ್ಲಿ ಬರುತ್ತಿದ್ದವು. ಒಂದೊಂದು ಸುತ್ತಿಗೆ ರೀಲು ಎನ್ನುತ್ತಾರೆ. ಒಂದು ರೀಲು ಸುಮಾರು ಹತ್ತು-ಹನ್ನೊಂದು ನಿಮಿಷ ಓಡುತ್ತದೆ. ಒಂದು ಚಿತ್ರಕ್ಕೆ ಹದಿನಾಲ್ಕೋ ಹದಿನಾರೋ ರೀಲು. ನಂಜನಗೂಡಿನಲ್ಲಿ ಅರ್ಧ ಚಿತ್ರ ಮುಗಿದ ಕೂಡಲೇ ಆ ಡಬ್ಬಗಳು ಜೀಪು ಹತ್ತಿ ನರಸೀಪುರಕ್ಕೆ ಓಡುತ್ತಿದ್ದವು. ಅಲ್ಲಿ ಆಟ ಶುರುವಾಗುವುದು ಇಲ್ಲಿನದಕ್ಕಿಂತ ತಡವಾಗಿ. ಹೀಗೆ ದಿನವಿಡೀ ಓಡಾಟ. ಜೀಪು ಓಡಿಸುತ್ತಿದ್ದವನು ಪುಟ್ಟಮಾದ, ನಲವತ್ತು ದಾಟಿದ ಗೃಹಸ್ಥ, ಮಾತು ಕಡಿಮೆ. ಏಳು ವರ್ಷದಲ್ಲಿ ಅವನು ಒಂದೇ ಒಂದು ಸಲ ತಡಮಾಡಿದ್ದ. ಅದೂ ರಸ್ತೆಗೆ ಮರ ಬಿದ್ದು.

ಚಿತ್ರ ಉದ್ದವಾಗಿದ್ದರೆ ಈ ಓಡಾಟ ಕೂಡಿಬರುತ್ತಿರಲಿಲ್ಲ. ಆಗ ನಾವು ಕತ್ತರಿಸುತ್ತಿದ್ದೆವು. ಇದು ನಿಯಮಕ್ಕೆ ವಿರುದ್ಧ. ಆದರೆ ಸಣ್ಣ ಊರಿನ ಬಹುತೇಕ ಟಾಕೀಸುಗಳಲ್ಲಿ ನಡೆಯುತ್ತಿದ್ದ ಪದ್ಧತಿ. ಎರಡು ಹಾಡು ತೆಗೆದರೆ ಹತ್ತು ನಿಮಿಷ ಉಳಿಯುತ್ತಿತ್ತು. ಕೊನೆಯ ಬಸ್ಸು ಹಿಡಿಯಬೇಕಾದ ಪ್ರೇಕ್ಷಕರೂ ಆಕ್ಷೇಪಿಸುತ್ತಿರಲಿಲ್ಲ. ಯಾವುದನ್ನು ತೆಗೆಯಬೇಕು ಎಂದು ತೀರ್ಮಾನಿಸುವವನು ನಾನು. ಕತ್ತರಿ ಹಿಡಿಯುವವನು ನಮ್ಮ ಆಪರೇಟರ್ ರಾಚಪ್ಪ.

ಆ ವರ್ಷದ ಬೇಸಿಗೆಯ ಕೊನೆಗೆ ಗಡಿಯಲ್ಲಿ ಯುದ್ಧ ನಡೆದಿತ್ತು. ಮನೆಮನೆಯಲ್ಲೂ ಅದೇ ಮಾತು. ನಾನು ಮಾಜಿ ಸೈನಿಕನೆಂದು ತಿಳಿದವರು ಪೇಟೆಯಲ್ಲಿ ಕೈ ಮುಗಿಯುತ್ತಿದ್ದರು, ಹೋಟೆಲಿನಲ್ಲಿ ಎದ್ದು ಜಾಗ ಬಿಡುತ್ತಿದ್ದರು. ಯುದ್ಧ ಮುಗಿದ ಮೇಲೆ, ಆಗಸ್ಟಿನಲ್ಲಿ, ನಮಗೆ ಒಂದು ದೆವ್ವದ ಚಿತ್ರ ಬಂತು. ಹೆಸರು ಇಲ್ಲಿ ಬೇಡ. ಓದುಗರಲ್ಲಿ ಹೆಚ್ಚಿನವರು ಅದನ್ನು ನೋಡಿರಲಾರರು.

ಶುಕ್ರವಾರ ಬಿಡುಗಡೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೂ ರಾಚಪ್ಪನೂ ಖಾಲಿ ಟಾಕೀಸಿನಲ್ಲಿ ಕೂತು ಪ್ರಿಂಟನ್ನು ಪರೀಕ್ಷಿಸಿದೆವು. ಕತೆ ಹೀಗೆ. ಒಂದು ಹಳ್ಳಿಯ ಪಾಳುಬಿದ್ದ ಶಾಲೆಯಲ್ಲಿ ಮಧ್ಯಾಹ್ನದ ಹೊತ್ತು ಒಬ್ಬ ಹೆಂಗಸು ಕಾಣಿಸಿಕೊಳ್ಳುತ್ತಾಳೆ. ಮುಖದ ಅರ್ಧ ಭಾಗ ಸುಟ್ಟಿದೆ, ಅದನ್ನು ಸೆರಗಿನಿಂದ ಮುಚ್ಚಿಕೊಂಡಿರುತ್ತಾಳೆ. ಕೈಯಲ್ಲಿ ಅನ್ನದ ತಟ್ಟೆ. ಮಕ್ಕಳನ್ನು ‘ಬನ್ನಿ, ಉಣ್ಣಿ’ ಎಂದು ಕರೆಯುತ್ತಾಳೆ. ಹೋದ ಮಕ್ಕಳು ಜ್ವರ ಬಂದು ಮಲಗುತ್ತವೆ. ಊರಿನ ಯಜಮಾನ, ವಯಸ್ಸಾದ ಗೌರವಸ್ಥ, ಮಂತ್ರವಾದಿಯನ್ನು ಕರೆಸುತ್ತಾನೆ. ಕೊನೆಗೆ ದೆವ್ವ ಆ ಯಜಮಾನನನ್ನೇ ಬೆಂಕಿಗೆ ಎಳೆದುಕೊಳ್ಳುತ್ತದೆ, ಮಂತ್ರವಾದಿ ಅದನ್ನು ಮೊಳೆ ಹೊಡೆದು ಕಟ್ಟಿಹಾಕುತ್ತಾನೆ.

ಹನ್ನೊಂದನೇ ರೀಲು ಪೂರ್ತಿ ಹಿಂದಿನ ಕತೆ. ಬಹಳ ವರ್ಷದ ಕೆಳಗೆ ಆ ಹಳ್ಳಿಯ ಮೇಲೆ ಯುದ್ಧ ಬಂದಿತ್ತು. ಯಾವ ದೇಶ, ಯಾವ ಸೈನ್ಯ ಎಂದು ಚಿತ್ರ ಹೇಳುವುದಿಲ್ಲ. ಹಸಿರು ಸಮವಸ್ತ್ರ ಮಾತ್ರ. ಆ ಹೆಂಗಸು ಊರಿನ ಮಕ್ಕಳನ್ನು ಕಣಜದಲ್ಲಿ ಬಚ್ಚಿಟ್ಟು ಹೊತ್ತುಹೊತ್ತಿಗೆ ಅನ್ನ ಕೊಡುತ್ತಿರುತ್ತಾಳೆ. ಒಬ್ಬ ಅಧಿಕಾರಿ ಬರುತ್ತಾನೆ. ಒಳಗಿನಿಂದ ಒಂದು ಮಗು ಕೆಮ್ಮುವುದು ಅವನಿಗೆ ಕೇಳಿಸುತ್ತದೆ. ಕೇಳಿಸಿಕೊಂಡೇ ಅವಳನ್ನೂ ಒಳಕ್ಕೆ ನೂಕಿಸಿ, ಹೊರಗಿನಿಂದ ಚಿಲಕ ಹಾಕಿಸಿ, ಬೆಂಕಿ ಇಡಲು ಹೇಳುತ್ತಾನೆ. ಅವನೇ ಮುಂದೆ ಆ ಊರಿನ ಯಜಮಾನನಾಗುವುದು.

ರೀಲು ಮುಗಿದಾಗ ನಾನು ಗಡಿಯಾರ ನೋಡಿದೆ. ಚಿತ್ರ ಒಟ್ಟು ಎರಡು ಗಂಟೆ ನಲವತ್ತೆಂಟು ನಿಮಿಷ. ನಮಗೆ ಹತ್ತು ನಿಮಿಷವಾದರೂ ಇಳಿಸಬೇಕಿತ್ತು.

“ಎರಡು ಹಾಡು ತೆಗೀಲಾ ಸಾ? ಎರಡೂ ಬೋರು,” ಎಂದ ರಾಚಪ್ಪ.

“ಬೇಡ. ಹನ್ನೊಂದನೇ ರೀಲು ಪೂರ್ತಿ ಎತ್ತಿಡು.”

ಅವನು ನನ್ನನ್ನು ನೋಡಿದ. “ಅದ್ನ ತೆಗುದ್ರೆ ದೆವ್ವ ಯಾಕ್ ಬಂತು ಅಂತ್ಲೇ ಗೊತ್ತಾಗಕಿಲ್ವಲ್ಲಾ ಸಾ?”

“ದೆವ್ವ ಬರೋದಕ್ಕೆ ಕಾರಣ ಬೇರೆ ಬೇಕೇನೋ? ಜನ ಬರೋದು ಹೆದರಿಕೊಳ್ಳೋದಕ್ಕೆ.”

“ನೀವು ಹಿಂಗ್ ಹೇಳಿದ್ರೆ ಆಯ್ತು ಬುಡಿ. ಆದ್ರೆ ಅವ್ಳು ಮಕ್ಳಿಗೆ ಅನ್ನ ಇಕ್ಕೋದು ಯಾಕೆ ಅಂತ ಅದ್ರಲ್ಲೇ ಇರೋದು ಸಾ.”

“ಟೈಮ್ ಇಲ್ಲ ರಾಚಪ್ಪ.”

ಪುಸ್ತಕದಲ್ಲಿ ನಾನೇ ಬರೆದೆ: ‘ರೀಲು 11, ವೇಳೆ ಹೊಂದಾಣಿಕೆಗಾಗಿ’. ಡಬ್ಬ ನನ್ನ ಕೋಣೆಯ ಬೀರು ಸೇರಿತು.

ಚಿತ್ರ ಚೆನ್ನಾಗಿ ಓಡಿತು. ಎರಡು ಊರಿನಲ್ಲೂ ಮೊದಲ ವಾರ ತುಂಬಿದ ಮನೆ. ಯಜಮಾನನನ್ನು ದೆವ್ವ ಸುಡುವಾಗ ಹೆಂಗಸರು ‘ಅಯ್ಯೋ ಪಾಪಿ’ ಎಂದು ಕೂಗುತ್ತಿದ್ದರು. ಪಾಪಿ ಎಂದದ್ದು ದೆವ್ವವನ್ನು. ಮಂತ್ರವಾದಿ ಮೊಳೆ ಹೊಡೆಯುವಾಗ ಗಂಡಸರ ಶಿಳ್ಳೆ. ಯಾರೊಬ್ಬರೂ ನಡುವೆ ಏನೋ ಬಿಟ್ಟುಹೋಗಿದೆ ಎಂದು ಕೇಳಲಿಲ್ಲ. ನಾನು ನಿರಾಳವಾಗಿದ್ದೆ.

ಎರಡನೇ ವಾರದ ಬುಧವಾರ ಮಧ್ಯಾಹ್ನ ಪುಟ್ಟಮಾದ ಡಬ್ಬಗಳನ್ನು ಜೀಪಿಗೆ ಇಡದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತ.

“ಸಾ, ಈ ಪಿಚ್ಚರ್ ಯಾವತ್ತು ತೆಗೀತೀರ?”

“ತುಂಬಿ ಓಡ್ತಿದೆಯಲ್ಲೋ. ಯಾಕೆ ತೆಗೀಬೇಕು?”

“ಅದ್ಕೇ ಕೇಳ್ದೆ ಸಾ.” ಒಂದು ಹೆಜ್ಜೆ ಒಳಗೆ ಬಂದು ಹೇಳಿದ: “ನಮ್ಮಕ್ಕನ ಕೆಲ್ಸ ಓಗ್ತದೆ ಸಾ.”

ಅವನ ಅಕ್ಕ ಮಾದೇವಮ್ಮ. ನರಸೀಪುರದಿಂದ ಮುಡುಕುತೊರೆಯ ಕಡೆ ಹೋಗುವ ದಾರಿಯಲ್ಲಿ ಅವರ ಹಳ್ಳಿ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿನ ಅಂಗನವಾಡಿಯಲ್ಲಿ ಆಕೆ ಸಹಾಯಕಿ. ಮಕ್ಕಳನ್ನು ಮನೆಗಳಿಂದ ಕರೆತರುವುದು, ಅಡುಗೆ ಮಾಡಿ ಬಡಿಸುವುದು ಅವಳ ಕೆಲಸ. ಆರು ವರ್ಷದ ಕೆಳಗೆ ಸೀಮೆಎಣ್ಣೆ ಸ್ಟವ್ ಸಿಡಿದು ಅವಳ ಮುಖದ ಎಡಭಾಗ, ಕುತ್ತಿಗೆ, ಒಂದು ಕೈ ಸುಟ್ಟಿದ್ದವು. ಆಮೇಲೆ ಗಂಡ ಬಿಟ್ಟ. ಅವನೂ ಅದೇ ಊರಿನವನು, ಚಿಕ್ಕಣ್ಣ ಎಂದು, ಎರಡು ಬೀದಿ ಆಚೆ ಇನ್ನೊಂದು ಮದುವೆಯಾಗಿ ಇದ್ದ. ಮಾದೇವಮ್ಮ ಮಗಳೊಬ್ಬಳನ್ನು ಕಟ್ಟಿಕೊಂಡು ತಮ್ಮನ ಮನೆಯ ಪಕ್ಕದ ಕೋಣೆಯಲ್ಲಿ ಇದ್ದಳು. ಅಂಗನವಾಡಿಯ ಕೆಲಸವೇ ಆ ಇಬ್ಬರ ಜೀವನ.

“ಐದು ವರ್ಷ ಅವ್ಳ ಕೈಲಿ ಉಂಡವೆ ಸಾ ಮಕ್ಳು. ಒಂದಿನ ಎದ್ರಿಲ್ಲ,” ಎಂದ ಪುಟ್ಟಮಾದ. “ಈಗ ತಟ್ಟೆ ಇಡ್ಕಂಡು ‘ಬನ್ರಪ್ಪ, ಉಣ್ಣಿ’ ಅಂದ್ರೆ ಕಿಟಾರ್ ಅಂತ ಕಿರುಚ್ಕಂಡ್ ಓಡ್ತವೆ. ಸಾಲ್ದೂಂತ ಮೊನ್ನೆ ಎರಡು ಮಕ್ಳಿಗೆ ಜ್ವರ ಬೇರೆ. ಊರೋರೆಲ್ಲ ಅರ್ಜಿ ಬರ್ದವ್ರೆ. ಇವ್ಳು ಇದ್ರೆ ಮಕ್ಳ ಕಳ್ಸಕಿಲ್ಲ ಅಂತ.”

“ಸಿನಿಮಾ ನೋಡಿ ಯಾರಾದ್ರೂ ಅರ್ಜಿ ಬರೀತಾರೇನೋ?”

“ನೀವೇ ಬಂದು ಕೇಳಿ ಸಾ. ಡಬ್ಬ ಒತ್ಕಂಡ್ ಓಗೋನು ನಾನು. ಅವ್ಳ ಮೊಕ ನೋಡಕ್ಕಾಯ್ತಿಲ್ಲ ನಂಗೆ.”

ಮಾರನೆಯ ದಿನ ಬೆಳಿಗ್ಗೆ ಅವನ ಜೊತೆ ಹಳ್ಳಿಗೆ ಹೋದೆ. ಹತ್ತು ಗಂಟೆಗೆ ಅಂಗನವಾಡಿಯಲ್ಲಿ ಇರಬೇಕಾದ ಮಕ್ಕಳು ಇಪ್ಪತ್ತನಾಲ್ಕು. ಒಂದೂ ಇರಲಿಲ್ಲ. ಮಾದೇವಮ್ಮ ಒಲೆಯ ಮುಂದೆ ಕೂತು ಉಪ್ಪಿಟ್ಟಿನ ಪಾತ್ರೆ ಇಳಿಸುತ್ತಿದ್ದಳು. ನಾನು ಬಂದದ್ದಕ್ಕೆ ಎದ್ದು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಚಿತ್ರದಲ್ಲಿ ಆ ನಟಿ ಮಾಡುವುದು ಹಾಗೆಯೇ. ನನಗೇ ಒಂದು ಕ್ಷಣ ಮೈ ಜುಂ ಎಂದಿತು. ಆ ಕ್ಷಣಕ್ಕಾಗಿ ಇಂದಿಗೂ ನಾಚುತ್ತೇನೆ.

“ಮಕ್ಕಳಿಲ್ಲದೆ ಯಾರಿಗಮ್ಮ ಇಷ್ಟು ಅಡುಗೆ?” ಎಂದು ಕೇಳಿದೆ.

“ಪಟ್ಟೀಲಿ ಇಪ್ಪತ್ನಾಕು ಅಂತ ಅದಲ್ಲಾ ಸಾ. ಮಾಡ್ದೆ ಇದ್ರೆ ಅದೂ ಒಂದು ತಪ್ಪಾಯ್ತದೆ.”

ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸಿದೆ. ಯಾರೂ ಒರಟಾಗಿ ಮಾತಾಡಲಿಲ್ಲ. ‘ಅವಳು ಒಳ್ಳೇಳೇ ಸಾ, ಆದ್ರೆ ಮಕ್ಳ ವಿಷ್ಯ’ ಎಂದೇ ಎಲ್ಲರೂ ಹೇಳಿದರು. ಅರ್ಜಿಗೆ ಹತ್ತೊಂಬತ್ತು ಮನೆಯವರ ಸಹಿ, ಹೆಬ್ಬೆಟ್ಟು ಬಿದ್ದಿತ್ತು. ಮೊದಲ ಸಹಿ ಅವಳ ಗಂಡನದ್ದು. ಅವನ ಎರಡನೇ ಹೆಂಡತಿಯ ಮಗುವೂ ಅದೇ ಅಂಗನವಾಡಿಯಲ್ಲಿತ್ತು. ಮುಂದಿನ ಶುಕ್ರವಾರ ಇಲಾಖೆಯ ಅಧಿಕಾರಿ ಖುದ್ದಾಗಿ ಬಂದು ವಿಚಾರಣೆ ಮಾಡಿ, ಅವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವವರಿದ್ದರು.

ನಾನು ಲೆಕ್ಕ ಹಾಕಿದೆ. ತಪ್ಪು ಎಲ್ಲಿದೆ ಎಂದು ಸ್ಪಷ್ಟವಿತ್ತು. ಸುಟ್ಟ ಮುಖದ ಹೆಂಗಸು ಮಕ್ಕಳಿಗೆ ಏಕೆ ಅನ್ನ ಇಕ್ಕುತ್ತಾಳೆ ಎಂಬುದು ನನ್ನ ಬೀರುವಿನಲ್ಲಿತ್ತು. ಅದನ್ನು ಹಾಕಿದರೆ ಸರಿಹೋಗುತ್ತದೆ. ಯಂತ್ರದ ಯಾವ ಭಾಗ ಬಿಟ್ಟುಹೋಗಿದೆಯೋ ಅದನ್ನು ಮರಳಿ ಜೋಡಿಸಿದರೆ ಯಂತ್ರ ಓಡುತ್ತದೆ ಎಂಬುದು ನನ್ನ ತಿಳಿವಳಿಕೆ.

ಅಂದು ಸಂಜೆಯೇ ರಾಚಪ್ಪನಿಗೆ ಡಬ್ಬ ಕೊಟ್ಟೆ. ಅವನು ಏನೂ ಕೇಳದೆ ಆ ಎರಡೂ ಹಾಡುಗಳನ್ನು ತೆಗೆದು, ಹನ್ನೊಂದನೇ ರೀಲನ್ನು ಅದರ ಜಾಗಕ್ಕೆ ಸೇರಿಸಿದ. “ಈಗ ಟೈಮ್ ಸಿಕ್ತಾ ಸಾ?” ಎಂದಷ್ಟೇ ಅಂದ. ಅವನಿಗೆ ಹಾಗೆ ಕೇಳುವ ಹಕ್ಕಿತ್ತು.

ಮಂಗಳವಾರ ಮ್ಯಾಟಿನಿಗೆ ಆ ಹಳ್ಳಿಯವರನ್ನೆಲ್ಲ ಟಿಕೆಟ್ ಇಲ್ಲದೆ ನರಸೀಪುರದ ಟಾಕೀಸಿಗೆ ಕರೆಸಿದೆ. ನಾನೂ ಅಲ್ಲಿಗೆ ಹೋಗಿ ಬಾಗಿಲ ಬಳಿ ನಿಂತೆ. ಎಪ್ಪತ್ತು ಜನ ಬಂದರು, ಹೆಚ್ಚಿನವರು ಎರಡನೇ ಸಲ ನೋಡುತ್ತಿದ್ದವರು. ಮಾದೇವಮ್ಮ ಬರುವುದಿಲ್ಲ ಎಂದಿದ್ದಳು. ನಾನು ಒತ್ತಾಯ ಮಾಡಿದ್ದರಿಂದ ಬಂದು ಹೆಂಗಸರ ಕಡೆಯ ಕೊನೆಯ ಸಾಲಿನಲ್ಲಿ ಕೂತಳು.

ಹನ್ನೊಂದನೇ ರೀಲು ಶುರುವಾದಾಗ ಟಾಕೀಸಿನಲ್ಲಿ ಗದ್ದಲ ಅಡಗಿತು. ಮಗು ಕೆಮ್ಮಿದಾಗ ಯಾರೋ ‘ಶ್’ ಎಂದರು, ಪರದೆಯ ಮೇಲಿನ ಮಗುವಿಗೆ. ಬೆಂಕಿ ಹತ್ತಿದಾಗ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಮುಂದೆ ಯಜಮಾನನನ್ನು ದೆವ್ವ ಎಳೆದುಕೊಳ್ಳುವ ಜಾಗಕ್ಕೆ ಬಂದಾಗ, ಹಿಂದಿನ ವಾರ ಅವನಿಗಾಗಿ ಮರುಗಿದ್ದ ಅದೇ ಜನ ಎದ್ದು ಕೂಗಿದರು. ನನ್ನ ಕೆಲಸ ಆಯಿತು ಎಂದುಕೊಂಡೆ. ಆಟ ಮುಗಿದದ್ದು ಆರು ಮೂವತ್ತಕ್ಕೋ ಮೂವತ್ತೈದಕ್ಕೋ ಎಂಬುದನ್ನೂ ನಾನು ಅಂದು ಬರೆದುಕೊಳ್ಳಲಿಲ್ಲ. ಅಷ್ಟು ಸಂತೋಷವಾಗಿತ್ತು.

ಆಟ ಬಿಟ್ಟ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಆ ಊರಿನ ಒಬ್ಬ ಮುದುಕಿಯನ್ನು ಮಾತಾಡಿಸಿದೆ. ಕೆಂಪಜ್ಜಿ ಎಂದು ಎಲ್ಲರೂ ಕರೆಯುತ್ತಿದ್ದವಳು. ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದವರಲ್ಲಿ ಅವಳೂ ಒಬ್ಬಳು.

“ನೋಡಿದ್ರಲ್ಲ ಅಜ್ಜಿ. ಪಾಪ, ಅವಳ ತಪ್ಪೇನಿತ್ತು?”

“ಏನೂ ಇಲ್ಲ ಕಣಪ್ಪ. ಪುಣ್ಯಾತ್ಗಿತ್ತಿ.”

“ಹಾಗಾದ್ರೆ ಮಾದೇವಮ್ಮನ ಮೇಲಿನ ಅರ್ಜಿ ವಾಪಸ್ ತಗೋತೀರಲ್ಲ?”

ಮುದುಕಿ ನನ್ನನ್ನು ಅರ್ಥವಾಗದವಳಂತೆ ನೋಡಿದಳು. “ಅವ್ಳು ಬ್ಯಾರೆ, ಇವ್ಳು ಬ್ಯಾರೆ ಅಲ್ವಾ? ಅವ್ಳನ್ನ ಆ ಮುಂಡೇಮಗ ಮಿಲ್ಟ್ರಿಯೋನು ಸುಟ್ಟ. ಇವ್ಳ್ದು ಸ್ಟವ್ವು. ಇವ್ಳ ಅಣೇಬರ. ಅಂಥೋರ ಕೈಲಿ ಮಕ್ಳು ಉಣ್ಬಾರ್ದು ಕಣಪ್ಪ.”

ಮಾದೇವಮ್ಮ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಬಸ್ಸಿನ ಕಡೆ ನಡೆದ ಮೇಲೆ ನನ್ನ ಹತ್ತಿರ ಬಂದಳು.

“ಕೊನೇಲಿ ‘ಬುಡಬ್ಯಾಡ, ಸುಟ್ಟಾಕು ಅವ್ನ’ ಅಂತ ಒಬ್ಬ ಎದ್ದು ನಿಂತ್ಕಂಡ್ ಕೂಗ್ತಿದ್ನಲ್ಲ ಸಾ, ಮುಂದಲ ಸಾಲಲ್ಲಿ. ನೋಡುದ್ರಾ?”

“ನೋಡಿದೆ. ಯಾರವನು?”

“ಅವ್ನೇ ಸಾ ನನ್ ಗಂಡ.” ಅವಳ ದನಿ ಏರಲಿಲ್ಲ. “ಸ್ಟವ್ ಸಿಡೀಲಿಲ್ಲ. ಎಣ್ಣೆ ಸುರ್ದೋಳು ಅತ್ತೆ. ಆಚೆಯಿಂದ ಚಿಲ್ಕ ಹಾಕ್ದೋನು ಅವ್ನು.”

“ಪೊಲೀಸರಿಗೆ ಸ್ಟವ್ ಅಂತ ಹೇಳಿದ್ಯಂತೆ?”

“ಮಗಿಗೆ ಎರಡು ವರ್ಷ. ಅವ್ರ ಮನೇಲೇ ಇತ್ತು. ಸ್ಟವ್ವು ಅಂದ್ರೆ ಮಗೀನ ಕೊಡ್ತೀವಿ ಅಂದ್ರು. ಅಂದೆ.” ಆಮೇಲೆ, ಹೋಗುವ ಮುಂಚೆ ಹೇಳಿದಳು: “ನೀವು ಒಳ್ಳೇದಕ್ಕೇ ತೋರ್ಸುದ್ರಿ. ಆದ್ರೆ ಬಟ್ಟೆ ಹಾಕ್ಕಂಡೋನು ಮಾಡುದ್ರೆ ಎಲ್ರುಗೂ ಕಾಣ್ತದೆ ಸಾ. ಪಂಚೆ ಉಟ್ಕಂಡೋನು ಮಾಡುದ್ರೆ ಕಾಣಕಿಲ್ಲ.”

ಬಟ್ಟೆ ಎಂದರೆ ಸಮವಸ್ತ್ರ. ನಾನು ಅದನ್ನು ಹದಿನೇಳು ವರ್ಷ ಹಾಕಿದವನು.

ಇಲ್ಲಿ ನಾನು ಆವರೆಗೆ ಯಾರಿಗೂ ಹೇಳದಿದ್ದ ಸಂಗತಿಯನ್ನು ಬರೆಯಬೇಕು. ಹನ್ನೊಂದನೇ ರೀಲನ್ನು ನಾನು ತೆಗೆದದ್ದು ವೇಳೆಗಾಗಿ ಅಲ್ಲ. ಹಾಡು ತೆಗೆದರೂ ವೇಳೆ ಹೊಂದುತ್ತಿತ್ತು. ಯುದ್ಧ ನಡೆದ ಆ ವರ್ಷ ನನ್ನ ಟಾಕೀಸಿನಲ್ಲಿ ಹಸಿರು ಬಟ್ಟೆ ಹಾಕಿದವನಿಗೆ ಜನ ಉಗಿಯುವುದು ನನಗೆ ಬೇಕಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಆ ಕೆಮ್ಮು.

1971ರ ಚಳಿಗಾಲ. ನಾನು ಸೇವೆಗೆ ಸೇರಿ ಮೂರು ವರ್ಷವಾಗಿತ್ತು. ನಮ್ಮದೇ ಕಡೆಯ ಒಂದು ಗಡಿ ಹಳ್ಳಿಯನ್ನು ಖಾಲಿ ಮಾಡಿಸಿ ಜನರನ್ನು ಹಿಂದಕ್ಕೆ ಕಳಿಸುತ್ತಿದ್ದೆವು. ಒಂದು ಬೀದಿಯ ಮನೆಗಳನ್ನೆಲ್ಲ ನೋಡಿ, ಯಾರೂ ಉಳಿದಿಲ್ಲ ಎಂದು ಪಟ್ಟಿಗೆ ಸಹಿ ಹಾಕುವ ಕೆಲಸ ನನ್ನದು. ಕೊನೆಯ ಮನೆಯ ಬಾಗಿಲು ಬಡಿದೆ. ಒಳಗೆ ಕೆಮ್ಮಿದ ಸದ್ದು. ಮುದುಕರ ಕೆಮ್ಮು. ಬಾಗಿಲು ತೆರೆಯಲಿಲ್ಲ. ಲಾರಿ ಹೊರಡುವ ಹೊತ್ತಾಗಿತ್ತು, ಆಚೆಯಿಂದ ನನ್ನ ಹೆಸರು ಕೂಗುತ್ತಿದ್ದರು. ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದುಕೊಂಡು ‘ಖಾಲಿ’ ಎಂದು ಬರೆದು ಸಹಿ ಹಾಕಿದೆ. ಆ ಸಂಜೆ ಆ ಊರಿನ ಮೇಲೆ ಗುಂಡಿನ ಮಳೆಯಾಯಿತು. ಮುಂದೇನಾಯಿತೆಂದು ನಾನು ವಿಚಾರಿಸಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ತಪ್ಪು ನನ್ನೊಬ್ಬನದೇ. ಬಾಗಿಲು ಒದ್ದು ನೋಡು ಎಂದೇ ನಮಗೆ ಹೇಳಿಕೊಟ್ಟಿದ್ದರು. ವೇಳೆಗೆ ಸರಿಯಾಗಿ ಲಾರಿ ಹತ್ತಿದ್ದಕ್ಕೆ ಶಹಬಾಸ್ ಬೇರೆ ಸಿಕ್ಕಿತು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಗನವಾಡಿಯಲ್ಲೇ ವಿಚಾರಣೆ. ನನ್ನನ್ನು ಯಾರೂ ಕರೆದಿರಲಿಲ್ಲ. ಹತ್ತು ಐವತ್ತಕ್ಕೆ ಹೋಗಿ ಗೋಡೆಯ ಪಕ್ಕ ನಿಂತೆ. ಅಧಿಕಾರಿ ನಡುವಯಸ್ಸಿನ ಹೆಂಗಸು, ಕಡತ ಬಿಡಿಸಿಕೊಂಡು ಮಕ್ಕಳು ಕೂರುವ ಚಾಪೆಯ ಮುಂದೆ ಕುರ್ಚಿ ಹಾಕಿಸಿಕೊಂಡಿದ್ದರು. ಊರಿನ ಮೂವತ್ತು ನಲವತ್ತು ಜನ ಬಾಗಿಲವರೆಗೂ ತುಂಬಿದ್ದರು. ಚಿಕ್ಕಣ್ಣ ಮುಂದೆಯೇ ಕೂತಿದ್ದ, ಒಗೆದ ಬಿಳಿ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ.

“ಈಕೆ ಮಕ್ಕಳಿಗೆ ಏನು ಮಾಡಿದಾಳೆ? ಹೊಡೆದಳಾ? ಬೈದಳಾ? ಊಟ ಸರಿಯಾಗಿ ಕೊಡಲಿಲ್ವಾ?” ಎಂದು ಅಧಿಕಾರಿ ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಇಲ್ಲ ಎಂದರು.

“ಮತ್ತೆ?”

“ಮೊಕ ಕಂಡ್ರೆ ಮಕ್ಳು ಎದ್ರತವೆ ಮೇಡಮ್ಮೋರೆ,” ಎಂದ ಚಿಕ್ಕಣ್ಣ. “ನಾವೇನ್ ಅವ್ಳ ಕೆಟ್ಟದ್ ಬಯ್ಸಲ್ಲ. ಬ್ಯಾರೆ ಊರ್ಗೆ ಹಾಕುದ್ರೂ ಸೈ.”

“ಈ ಮುಖ ನಿನ್ನೆ ಮೊನ್ನೆಯದಲ್ಲವಲ್ಲ. ಐದು ವರ್ಷ ಹೆದರದವರು ಈಗ ಯಾಕೆ ಹೆದರಿದರು?”

ನಾನು ಕೈ ಎತ್ತಿದೆ.

“ಏನ್ ಸಾ, ಇಲ್ಲೂ ಸಿನ್ಮಾ ತೋರುಸ್ತೀರಾ? ಟಿಕೆಟ್ ತಂದಿಲ್ವಲ್ಲಾ ನಾವು!” ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು. ಅಧಿಕಾರಿ ತಲೆಯೆತ್ತಿ, “ಸುಮ್ಮನಿರಿ. ಯಾರು ನೀವು?” ಎಂದರು.

ಹೇಳಿದೆ. ಚಿತ್ರದಲ್ಲಿ ಒಂದು ರೀಲು ತೆಗೆದದ್ದು, ಅದರಲ್ಲಿ ಏನಿತ್ತು ಎನ್ನುವುದು, ಅದು ಇಲ್ಲದಿದ್ದರಿಂದ ಅನ್ನ ಇಕ್ಕುವ ಹೆಂಗಸು ಮಕ್ಕಳನ್ನು ಹಿಡಿಯುವ ದೆವ್ವವಾದದ್ದು. ಇದು ನಿಯಮಬಾಹಿರ ಎಂದೂ ಹೇಳಿದೆ. ಆಮೇಲೆ, “ವೇಳೆಗಾಗಿ ತೆಗೆದೆ ಎಂದು ಪುಸ್ತಕದಲ್ಲಿ ಬರೆದಿದ್ದೇನೆ. ಅದು ಸುಳ್ಳು,” ಎಂದು, ಮೇಲೆ ಬರೆದ 1971ರ ಸಂಗತಿಯನ್ನು ನಾಲ್ಕೈದು ಮಾತಿನಲ್ಲಿ ಹೇಳಿ ಮುಗಿಸಿದೆ. “ಬಟ್ಟೆ ಹಾಕಿದವನು ಚಿತ್ರದಲ್ಲಿ ಮಾತ್ರ ಇಲ್ಲ. ಕೇಳಿಸಿಕೊಂಡೂ ಸುಮ್ಮನಿದ್ದವನು ನಾನು. ಅದನ್ನು ನೋಡಲಾರದೆ ತೆಗೆದಿಟ್ಟೆ. ಅದರ ಪೆಟ್ಟು ಈಕೆಗೆ ಬಿತ್ತು.”

ಪೇಟೆಯಲ್ಲಿ ನನಗೆ ಕೈ ಮುಗಿಯುತ್ತಿದ್ದ ಇಬ್ಬರು ಅಲ್ಲಿದ್ದರು. ಅವರು ನೆಲ ನೋಡಿದರು.

ಅಧಿಕಾರಿ ಬರೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಪೆನ್ನನ್ನು ಮತ್ತೆ ಎತ್ತಿಕೊಂಡು ಮಾದೇವಮ್ಮನ ಕಡೆ ತಿರುಗಿ, “ನೀನೇನಾದರೂ ಹೇಳೋದಿದೆಯೇನಮ್ಮ?” ಎಂದರು.

ಮಾದೇವಮ್ಮ ಎದ್ದಳು. ಸೆರಗನ್ನು ಹೆಗಲ ಮೇಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಪೂರ್ತಿ ಮುಖವನ್ನು ಆ ಊರು ಹಗಲಿನಲ್ಲಿ ನೋಡಿದ್ದು ಅದೇ ಮೊದಲೇನೋ.

“ಸ್ಟವ್ ಸಿಡೀಲಿಲ್ಲ ಮೇಡಮ್ಮೋರೆ,” ಎಂದಳು. “ನಮ್ಮತ್ತೆ ಸುರುದ್ರು. ಇವ್ರು ಚಿಲ್ಕ ಹಾಕುದ್ರು. ನಾನು ಕೂಗ್ಕಂಡೆ. ಪಕ್ಕದ ಮನೆ ಕೆಂಪಜ್ಜಿಗೆ ಕೇಳುಸ್ತು.”

ಮುದುಕಿ ಬಾಗಿಲ ಬಳಿ ಕೂತಿದ್ದಳು. ಎಲ್ಲರ ಕಣ್ಣು ಅತ್ತ ತಿರುಗಿತು.

“ಯಾರೇ ಏಳ್ಕೊಟ್ಟಿದ್ದು ನಿಂಗೆ ಇದ್ನ? ಈ ಟಾಕೀಸ್ನೋನಾ?” ಎಂದು ಚಿಕ್ಕಣ್ಣ ಅರ್ಧ ಎದ್ದ.

“ಕೂತ್ಕೊಳಯ್ಯ,” ಎಂದರು ಅಧಿಕಾರಿ. “ಅಜ್ಜಿ, ನಿಮಗೆ ಕೇಳಿಸಿತ್ತಾ?”

ಕೆಂಪಜ್ಜಿ ಬಹಳ ಹೊತ್ತು ಎಲೆ ಅಡಿಕೆ ಚೀಲದ ದಾರ ಬಿಚ್ಚಿ ಕಟ್ಟಿ ಮಾಡಿದಳು. ಕೊನೆಗೆ, “ಕೇಳುಸ್ತು ಕಣವ್ವ. ಗಂಡ ಎಂಡ್ರು ಜಗ್ಳ ಅಂತ ಸುಮ್ಕಿದ್ದೆ,” ಎಂದಳು.

ಚಿಕ್ಕಣ್ಣ ಹೊರಗೆ ನಡೆದ. ಯಾರೂ ತಡೆಯಲಿಲ್ಲ, ಯಾರೂ ಅವನ ಹಿಂದೆ ಹೋಗಲೂ ಇಲ್ಲ.

ಅಧಿಕಾರಿ ಅಲ್ಲೇ ಆದೇಶ ಬರೆದರು. ಮಾದೇವಮ್ಮ ಅದೇ ಕೇಂದ್ರದಲ್ಲಿ ಮುಂದುವರಿಯಬೇಕು, ಅರ್ಜಿ ವಜಾ. ಬೆಂಕಿಯ ವಿಷಯವನ್ನು ಪ್ರತ್ಯೇಕ ಪತ್ರದಲ್ಲಿ ಪೊಲೀಸರಿಗೆ ಬರೆದು ಕಳಿಸಿದರು. ಅದರಿಂದ ಏನೂ ಆಗಲಿಲ್ಲ ಎಂದು ದಾಖಲಿಸಬೇಕಾಗಿದೆ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಹಳೆಯ ಹೇಳಿಕೆಯಲ್ಲಿ ಸ್ಟವ್ ಎಂದೇ ಇತ್ತು. ಕೆಂಪಜ್ಜಿ ಠಾಣೆಯಲ್ಲಿ ಮತ್ತೆ ಮರೆತಳು. ಚಿಕ್ಕಣ್ಣ ಹೊಲ ಮಾಡಿಕೊಂಡು ಅದೇ ಊರಿನಲ್ಲಿ ಉಳಿದ. ನನ್ನ ಮೇಲೆ ಮಾಲೀಕರು ಕೂಗಾಡಲಿಲ್ಲ. ಮುಂದಿನ ತಿಂಗಳಿನಿಂದ ನರಸೀಪುರದ ಉಸ್ತುವಾರಿಯನ್ನು ಬೇರೊಬ್ಬರಿಗೆ ವಹಿಸಿದರು. ‘ಇದನ್ನೆಲ್ಲ ಊರ ಮುಂದೆ ಹೇಳುವ ಅಗತ್ಯ ಇತ್ತೇನ್ರೀ?’ ಎಂದು ಒಮ್ಮೆ ಕೇಳಿದರು, ಅಷ್ಟೆ.

ಸೋಮವಾರ ಅಂಗನವಾಡಿಗೆ ಬಂದ ಮಕ್ಕಳು ಮೂರು. ಪುಟ್ಟಮಾದ ದಿನವೂ ಬಂದು ನನಗೆ ಸಂಖ್ಯೆ ಹೇಳುತ್ತಿದ್ದ. ನಾಲ್ಕು. ನಾಲ್ಕು. ಏಳು. ದೀಪಾವಳಿಯ ಹೊತ್ತಿಗೆ ಹದಿನಾರು ಆಯಿತು. ಇಪ್ಪತ್ತನಾಲ್ಕು ಮತ್ತೆ ಆಗಲೇ ಇಲ್ಲ. ಉಳಿದವರು ತಮ್ಮ ಮಕ್ಕಳನ್ನು ಕಳಿಸಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಮಾದೇವಮ್ಮ ಮಾತ್ರ ಅಂದಿನಿಂದ ಬಡಿಸುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಡಿಸುತ್ತಾಳೆ ಎಂದು ಅವನು ಹೇಳಿದ. ಮಕ್ಕಳು ಒಂದು ವಾರ ದಿಟ್ಟಿಸಿ ನೋಡಿದವಂತೆ. ಆಮೇಲೆ ಉಪ್ಪಿಟ್ಟಿನಲ್ಲಿ ಕಡಲೆಬೇಳೆ ಕಡಿಮೆ ಎಂದು ಜಗಳ ಶುರುಮಾಡಿದವಂತೆ.

ಆ ಕೆಲಸದಲ್ಲಿ ಮುಂದೆ ಎಂಟು ವರ್ಷ ಇದ್ದೆ. ಆ ಎಂಟು ವರ್ಷದಲ್ಲಿ ಹಾಡುಗಳನ್ನು ಬೇಕಾದಷ್ಟು ಕತ್ತರಿಸಿದ್ದೇನೆ. ಕತೆಯನ್ನು ಮುಟ್ಟಲಿಲ್ಲ. ಆದರೆ ಈ ಪ್ರಕರಣ ನನಗೆ ಕಲಿಸಿದ್ದು ಅದನ್ನಲ್ಲ. ಕೆಡುಕನ್ನು ಪೂರ್ತಿಯಾಗಿ ತೋರಿಸಿದರೆ ಜನ ತಿಳಿದುಕೊಳ್ಳುತ್ತಾರೆ ಎಂದು ನಂಬಿದ್ದೆ. ತೋರಿಸಿದೆ. ಜನ ಅತ್ತರು, ಬಸ್ಸು ಹತ್ತಿ ಮನೆಗೆ ಹೋದರು. ಪರದೆಯ ಮೇಲಿನದು ಎಷ್ಟೇ ನಿಜವಾಗಿದ್ದರೂ ನಮ್ಮ ಬೀದಿಗೆ ತಾನಾಗಿ ನಡೆದು ಬರುವುದಿಲ್ಲ. ಯಾರಾದರೂ ಎದ್ದು ನಿಂತು, ಇದು ನನ್ನದು, ಇದು ನಿನ್ನದು ಎಂದು ಹೇಳಬೇಕಾಗುತ್ತದೆ. ಆ ಹೊರೆ ಹೆಚ್ಚಾಗಿ ಬೀಳುವುದು ಸುಟ್ಟವರ ಮೇಲಲ್ಲ, ಸುಡಿಸಿಕೊಂಡವರ ಮೇಲೆ. ಮೂವತ್ತೆಂಟು ವರ್ಷದ ನನ್ನ ಎರಡೂ ಕೆಲಸಗಳಲ್ಲಿ, ಹೇಳಿಕೊಳ್ಳುವಂಥದ್ದು ಎಂದು ನಾನು ಮಾಡಿದ್ದು ಒಂದೇ. ಅಂದು ಆ ಅಂಗನವಾಡಿಯಲ್ಲಿ ಅವಳಿಗಿಂತ ಐದು ನಿಮಿಷ ಮುಂಚೆ ಬಾಯಿಬಿಟ್ಟದ್ದು.